ಗಾಂಧಿ ಜಯಂತಿಯ ಫ್ಲೆಕ್ಸಿನಿಂದ ಒಂದು ಮುಖ ಇಳಿಸಿಕೊಡಿ

ಬಿಡುಗಡೆಯಾದ ಬಂದಿಗಳ ಪುನರ್ವಸತಿ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಈ ವರ್ಷದ ಗಾಂಧಿ ಜಯಂತಿಗೆ ತಾವು ಹೊಸಪೇಟೆಯಲ್ಲಿ ನಡೆಸಲಿರುವ ಮನಃಪರಿವರ್ತನಾ ಸಮಾರಂಭದ ಆಹ್ವಾನ ಪತ್ರಿಕೆ ಕೈಸೇರಿತು. ಕಾಗದ ದಪ್ಪಗಿದೆ, ನುಣುಪಾಗಿದೆ, ಅದಿರಿನ ದುಡ್ಡು ಹರಿದಾಡುವ ಊರಿಗೆ ತಕ್ಕ ಹಾಗಿದೆ. ಮುಖಪುಟದಲ್ಲಿ ಹೋದ ವರ್ಷದ ವೇದಿಕೆಯ ಫೋಟೋ ಹಾಕಿದ್ದೀರಿ. ಅದರಲ್ಲಿ ತಾವು ನಗುತ್ತಿದ್ದೀರಿ. ತಮ್ಮ ಪಕ್ಕದಲ್ಲಿ ಶಾಲು ಹೊದ್ದು, ತಲೆ ತಗ್ಗಿಸಿ ಒಬ್ಬ ಮನುಷ್ಯ ಕುಳಿತಿದ್ದಾನೆ. ಇದೇ ಫೋಟೋ ದೊಡ್ಡ ಫ್ಲೆಕ್ಸ್ ಆಗಿ ಸಂಡೂರು, ಹೊಸಪೇಟೆ, ಕಮಲಾಪುರ, ಕಂಪ್ಲಿಯ ಬಸ್ ನಿಲ್ದಾಣಗಳಲ್ಲಿ ಒಂದು ವಾರ ಮುಂಚೆಯೇ ಏರಲಿದೆ ಎಂದು ತಮ್ಮ ಕಚೇರಿಯವರು ಹೆಮ್ಮೆಯಿಂದ ಹೇಳಿದರು. ಆ ಮನುಷ್ಯನ ಮುಖವನ್ನು ತೆಗೆಯಿರಿ. ಈ ಪತ್ರದ ಬೇಡಿಕೆ ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಕಾರಣ, ಮತ್ತು ಆ ಮುಖ ಅಲ್ಲಿಗೆ ಹೋಗುವುದರಲ್ಲಿ ನನ್ನ ಪಾಲು ಎಷ್ಟೆಂಬ ವಿವರ.

ಇದನ್ನು ತಮಗೆ ಗುಟ್ಟಾಗಿಯೇ ಬರೆದಿದ್ದೆ, ಎರಡು ಸಲ. ಎರಡು ಸಲವೂ ತಮ್ಮ ಕಚೇರಿ ನನ್ನ ಪ್ರತಿಯ ಮೇಲೆ ಮೊಹರು ಒತ್ತಿಕೊಟ್ಟಿತು. ಮೊಹರು ಚೆನ್ನಾಗಿ ಮೂಡಿದೆ. ಉತ್ತರ ಬರಲಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುವುದೆಂದರೆ ನಾನೂ ಇನ್ನೊಂದು ಫ್ಲೆಕ್ಸ್ ಕಟ್ಟಿದಂತೆ ಆಗುವುದಿಲ್ಲವೇ ಎಂದು ಬಹಳ ಹೆದರಿದೆ. ಅದಕ್ಕೇ ಆ ಮನುಷ್ಯನ ಹೆಸರನ್ನು, ಹೆಂಡತಿ ಮಗಳ ಹೆಸರನ್ನು ಬದಲಿಸಿದ್ದೇನೆ. ಅವನಿಗೆ ಕೆಲಸ ಕೊಟ್ಟವರ ಹೆಸರನ್ನೂ ಬದಲಿಸಿದ್ದೇನೆ. ಊರಿನ ಹೆಸರು ಮಾತ್ರ ಬದಲಿಸಲಿಲ್ಲ. ಎಲ್ಲಿ ಕಟ್ಟಬಾರದು ಎಂದು ಕಟ್ಟುವವರಿಗೆ ಗೊತ್ತಾಗಬೇಕಲ್ಲ. ಅವನನ್ನು ಮಾರೇಶ್ ಎಂದಿಟ್ಟುಕೊಳ್ಳೋಣ. ನಿಜವಾದ ಹೆಸರು ತಮಗೆ ಗೊತ್ತಿದೆ. ತಾವೇ ಅದನ್ನು ಮೈಕಿನಲ್ಲಿ ಹೇಳಿದವರು.

ನನ್ನ ಪರಿಚಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಅದಿರು ಲಾರಿ ಓಡಿಸುತ್ತಿದ್ದವನು. ಕುಡಿದ ಮತ್ತಿನಲ್ಲಿ ಜಾಕಿ ರಾಡಿನಿಂದ ಒಬ್ಬನ ತಲೆಗೆ ಹೊಡೆದು ಜೈಲಿಗೆ ಹೋದವನು. ಅವನು ಬದುಕಿದ, ಅದು ನನ್ನ ಪುಣ್ಯವಲ್ಲ, ಅವನ ಅದೃಷ್ಟ. ಹೊರಗೆ ಬಂದ ಮೇಲೆ ಕುಡಿತ ಬಿಟ್ಟೆ ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಬಿಟ್ಟ ಬಗೆ ಹೇಳಲು ಹೋದರೆ ಪತ್ರಿಕೆಯ ಪುಟ ಸಾಲದು. ಈಗ ಟಿ.ಬಿ. ಡ್ಯಾಂನ ಹಳೆಯ ಕ್ವಾರ್ಟರ್ಸ್ ಒಂದರಲ್ಲಿ ನಮ್ಮಂಥವರ ಸಣ್ಣ ಸಂಸ್ಥೆಯಿದೆ. ಜೈಲಿನಿಂದ ಹೊರಬರುವ ಕುಡುಕರ ಜೊತೆ ಇರುವುದು ನನ್ನ ಕೆಲಸ. ಸಂಸ್ಥೆಯ ಕಾಗದಗಳಲ್ಲಿ ನನ್ನನ್ನು ಸಹ-ಸಮಾಲೋಚಕ ಎನ್ನುತ್ತಾರೆ. ಊರಿನವರು ಚಪ್ಪಲಿ ಜಂಬಪ್ಪ ಎನ್ನುತ್ತಾರೆ. ಊರಿನವರು ಇಟ್ಟ ಹೆಸರೇ ಸರಿ.

ಆ ಹೆಸರು ಬಂದದ್ದು ಹೀಗೆ. ಪೊಲೀಸರು ಹಿಡಿದುಕೊಂಡು ಹೋಗುವಾಗ ಮನುಷ್ಯನ ಕಾಲಲ್ಲಿದ್ದ ಚಪ್ಪಲಿ ಬಿಡುಗಡೆಯ ಹೊತ್ತಿಗೆ ಎಲ್ಲಿಯೋ ಕಳೆದುಹೋಗಿರುತ್ತದೆ. ಬಾಗಿಲು ತೆರೆದು ಹೊರಗೆ ಬಿಟ್ಟಾಗ ಅವನು ಬಳ್ಳಾರಿ ಸೀಮೆಯ ಬಿಸಿಲಲ್ಲಿ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತಿರುತ್ತಾನೆ. ಹಾಗಾಗಿ ನಾನು ಒಂದು ಜೊತೆ ಹವಾಯಿ ಚಪ್ಪಲಿ ಹಿಡಿದು ನಿಲ್ಲುತ್ತೇನೆ. ಹೆಸರು ಕೂಗುವುದಿಲ್ಲ. ಒಳಗೆ ದಿನಾ ಬೆಳಗ್ಗೆ ಸಂಜೆ ಕೂಗಿಸಿಕೊಂಡು ಅವನಿಗೆ ತನ್ನ ಹೆಸರೇ ಬೇಸರವಾಗಿರುತ್ತದೆ. ಸುಮ್ಮನೆ ಚಪ್ಪಲಿ ಅವನ ಮುಂದಿಡುತ್ತೇನೆ. ಮೆಟ್ಟಿಕೊಂಡರೆ ಜೊತೆಗೆ ನಡೆಯುತ್ತೇವೆ. ಮೆಟ್ಟಿಕೊಳ್ಳದೆ ಎದುರಿನ ಸಾರಾಯಿ ಅಂಗಡಿಗೆ ಹೋದರೆ, ಅಲ್ಲಿಂದ ಹೊರಬರುವವರೆಗೆ ಕಾಯುತ್ತೇನೆ. ಈ ವರ್ಷ ಸಾರಾಯಿ ನಿಂತಿತೆಂದು ತಾವು ಭಾಷಣ ಮಾಡಿದ್ದನ್ನು ಕೇಳಿದೆ. ಪ್ಯಾಕೆಟ್ ಹೋಯಿತು, ಕ್ವಾರ್ಟರ್ ಬಾಟಲಿ ಬಂತು. ನಾನು ನಿಲ್ಲುವ ಜಾಗ ಮಾತ್ರ ಅದೇ.

ನಮ್ಮ ಕೆಲಸಕ್ಕೆ ಒಂದೇ ಒಂದು ಕಟ್ಟಳೆಯಿದೆ. ಇನ್ನೊಬ್ಬನ ಕಥೆಯನ್ನು ಯಾರೂ ಹೇಳಬಾರದು. ನಮ್ಮ ಕೋಣೆಯಲ್ಲಿ ಸುತ್ತ ಕುಳಿತಾಗ ಒಬ್ಬೊಬ್ಬನೂ ತಾನು ಮಾಡಿದ್ದನ್ನು ತಾನೇ ಹೇಳಬೇಕು. ಮೊದಲು ಒಬ್ಬರ ಮುಂದೆ, ಆಮೇಲೆ ನಾಲ್ವರ ಮುಂದೆ, ಕೊನೆಗೆ ಯಾರ ಮುಂದೆ ಹೇಳಲು ಗಂಟಲು ಒಣಗುತ್ತದೋ ಅವರ ಮುಂದೆ. ಕುಡಿತ ಬಿಡುವುದರಲ್ಲಿ ಬಾಟಲಿ ಬಿಡುವುದು ಸಣ್ಣ ಕೆಲಸ. ದೊಡ್ಡ ಕೆಲಸ ಇದು. ಹೇಳಿದ ದಿನ ಮನುಷ್ಯ ಮಗುವಿನಂತೆ ನಿದ್ದೆ ಹೋಗುತ್ತಾನೆ. ನಾವು ಇನ್ನೊಬ್ಬನ ಬಾಯಿಂದ ಆ ಮಾತನ್ನು ಕಿತ್ತುಕೊಂಡರೆ ಅವನಿಗೆ ಹೇಳಲು ಏನೂ ಉಳಿಯುವುದಿಲ್ಲ, ಕುಡಿಯುವುದು ಮಾತ್ರ ಉಳಿಯುತ್ತದೆ. ಇದನ್ನು ನಾನು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದೆ. ಬಹಳ ಚೆನ್ನಾಗಿ ಹೇಳಿಕೊಡುತ್ತಿದ್ದೆ.

ಮಾರೇಶನೂ ಲಾರಿ ಡ್ರೈವರ್. ಗಣಿಯಿಂದ ಬಂದರಿಗೆ ಅದಿರು ಸಾಗಿಸುತ್ತಿದ್ದ. ಟ್ರಿಪ್ಪಿನ ಮೇಲೆ ಟ್ರಿಪ್ಪು, ನಿದ್ದೆ ಬಾರದಂತೆ ಕುಡಿತ, ಕುಡಿದದ್ದಕ್ಕೆ ನಿದ್ದೆ. ಸಂಡೂರು ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬ ಹುಡುಗ ಅವನ ಲಾರಿಯ ಕೆಳಗೆ ಸತ್ತ. ಮಾರೇಶ್ ಓಡಿಹೋಗಲಿಲ್ಲ, ಅಲ್ಲೇ ಕೆಂಪು ಧೂಳಿನಲ್ಲಿ ಕುಳಿತಿದ್ದ. ಶಿಕ್ಷೆಯಾಯಿತು. ಹೆಂಡತಿ ದುರುಗವ್ವ ಮಗಳನ್ನು ಕರೆದುಕೊಂಡು, ಯಾರೂ ತಮ್ಮನ್ನು ಅರಿಯದ ಕಂಪ್ಲಿಗೆ ಬಂದು ಗದ್ದೆ ಕೂಲಿಗೆ ಹೋಗತೊಡಗಿದಳು. ಮಗಳು ಗಂಗಾ ಆಗ ಸಣ್ಣವಳು. ಅಪ್ಪ ಎಲ್ಲಿ ಎಂದು ಕೇಳಿದಾಗ ಕಾರವಾರದ ಬಂದರಿನಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿದರು. ಸುಳ್ಳೇ. ಆದರೆ ಈ ಸೀಮೆಯ ಅರ್ಧ ಗಂಡಸರು ಆಗ ಬಂದರಿಗೂ ಗಣಿಗೂ ನಡುವೆ ಇದ್ದದ್ದರಿಂದ ಯಾರೂ ಮರುಪ್ರಶ್ನೆ ಕೇಳಲಿಲ್ಲ.

ಅವನು ಹೊರಬಂದ ದಿನ ನಾನು ಚಪ್ಪಲಿ ಇಟ್ಟೆ. ಮೆಟ್ಟಿಕೊಂಡ. ಬಸ್ಸಿನಲ್ಲಿ ಹೊಸಪೇಟೆಯವರೆಗೂ ನನ್ನ ಪಕ್ಕದಲ್ಲಿ ಕುಳಿತು ಬಂದ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಕೊಟ್ರಯ್ಯನವರ ಹತ್ತಿರ ಹೋಗಿ, ಇವನು ಜೈಲಿನಿಂದ ಬಂದಿದ್ದಾನೆ, ಏನು ಮಾಡಿದನೆಂದು ಅವನೇ ನಿಮ್ಮ ಮುಂದೆ ಹೇಳುತ್ತಾನೆ, ಕೇಳಿ ಎಂದೆ. ಮಾರೇಶ್ ಹೇಳಿದ. ಕೊಟ್ರಯ್ಯನವರು ಕೇಳಿ, ವಿಭೂತಿಯ ಹಣೆ ಒರೆಸಿಕೊಂಡು, "ಚೀಲ ಹೊರಾಕ ಬರತೈತೇನಪಾ?" ಎಂದರು. ಅಷ್ಟೇ. ಆ ದಿನದಿಂದ ಅವನು ಚೀಲ ಹೊತ್ತ, ಮನೆಗೆ ಹೋದ, ಮಗಳಿಗೆ ಲೆಕ್ಕ ಬಿಡಿಸಲು ಕುಳಿತು ತಾನೇ ತಪ್ಪು ಮಾಡಿ ಬೈಸಿಕೊಂಡ. ವಾರಕ್ಕೊಮ್ಮೆ ಡ್ಯಾಂಗೆ ಬಂದು ನಮ್ಮ ನಡುವೆ ಕೂರುತ್ತಿದ್ದ. ಅಲ್ಲಿ ಅವನು ಅಭ್ಯಾಸ ಮಾಡುತ್ತಿದ್ದದ್ದು ಒಂದೇ ಮಾತು. ಗಂಗಾಳಿಗೆ ಹೇಗೆ ಹೇಳುವುದು?

"ದಸರಾ ಮುಗೀಲಿ ಅಣ್ಣಾ, ನಾನಾ ಹೇಳ್ತೀನಿ," ಎನ್ನುತ್ತಿದ್ದ. "ನಿಮ್ಮಪ್ಪ ಕುಡದು ಒಬ್ಬನ್ನ ಕೊಂದಾನವ್ವಾ ಅಂತ ಒಂದಾ ಸಲಕ್ಕ ಹೇಳಿಬಿಡ್ತೀನಿ. ಅಕಿ ಅತ್ರ ಅಳ್ಲಿ, ಹೊಡದ್ರ ಹೊಡೀಲಿ. ಆಮ್ಯಾಲ ಆ ಹುಡುಗನ ಮನಿಗೂ ಹೋಗಿ ಅವರವ್ವನ ಕಾಲ ಹಿಡೀಬೇಕು. ಮೊದ್ಲು ಮನಿ."

ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ, ಮಾನ್ಯರೇ. ಇವನು ಮನೆಯ ಹೊಸ್ತಿಲಲ್ಲಿ ಇನ್ನೂ ಒಂದೇ ಕಾಲು ಇಟ್ಟಿದ್ದ. ಅಷ್ಟರಲ್ಲಿ ತಮ್ಮ ಸಮಾರಂಭ ಬಂತು.

ತಾವು ನನ್ನನ್ನು ಕರೆಸಿದ್ದು ನೆನಪಿದೆಯೇ? ಕಚೇರಿಯಲ್ಲಿ ಕೂರಿಸಿ, ಚಹಾ ತರಿಸಿ, "ಒಂದು ಒಳ್ಳೆ ಉದಾಹರಣೆ ಬೇಕ್ರೀ ಜಂಬಪ್ಪ" ಎಂದಿರಿ. ಬಿಡುಗಡೆಗೆ ಮೊದಲೇ ಒಳಗೆ ಹೋಗಿ ಕೈದಿಗಳನ್ನು ಭೇಟಿಯಾಗಲು ನನಗೆ ಅನುಮತಿ ಬೇಕಿತ್ತು. ವರ್ಷಗಳಿಂದ ಕೇಳುತ್ತಿದ್ದೆ. ಬಾಗಿಲಲ್ಲಿ ಹಿಡಿಯುವುದಕ್ಕಿಂತ ಒಳಗೇ ಒಂದು ತಿಂಗಳು ಮಾತಾಡಿದರೆ ಎಷ್ಟು ಜನ ಉಳಿಯುತ್ತಾರೆಂದು ನನಗೆ ಗೊತ್ತಿತ್ತು. "ಸಮಾರಂಭ ಚಲೋ ಆಗ್ಲಿ, ಆಮೇಲೆ ನೋಡೋಣ" ಎಂದಿರಿ. ನನಗೆ ಅರ್ಥವಾಯಿತು. ತಾವು ಕೊಡು ಎನ್ನಲಿಲ್ಲ, ನಾನು ಕೊಡುತ್ತೇನೆ ಎನ್ನಲಿಲ್ಲ. ಸಂತೆಯಲ್ಲಿ ಎತ್ತಿನ ವ್ಯಾಪಾರ ಟವೆಲ್ಲಿನ ಕೆಳಗೆ ಬೆರಳು ಹಿಡಿದು ನಡೆಯುತ್ತದಲ್ಲ, ಹಾಗೆ ನಡೆಯಿತು. ಎತ್ತಿಗೆ ಗೊತ್ತೇ ಆಗಲಿಲ್ಲ.

ಇಲ್ಲಿಯವರೆಗೆ ತಮ್ಮನ್ನು ದೂರಬಹುದು. ಮುಂದಿನದಕ್ಕೆ ನನ್ನನ್ನೇ ದೂರಬೇಕು. ಮಾರೇಶನಿಗೆ ಹೇಳಿದಾಗ ಅವನು ಬೇಡವೆಂದ. ಒಂದು ಸಲವಲ್ಲ.

"ಬ್ಯಾಡ ಬಿಡಣ್ಣ. ನಾ ಸ್ಟೇಜಿನ ಮ್ಯಾಲ ಕುಂದ್ರಾಂವ ಅಲ್ಲ. ಇನ್ನಾ ಮಗಳಿಗೇ ಹೇಳಿಲ್ಲ."

"ಲೇ, ಹೊಸಪ್ಯಾಟಿಯಾಗ ನಡಿಯೋದು, ಕಂಪ್ಲಿಯಾಗ ಯಾರಿಗೆ ಗೊತ್ತಾಗತೈತಿ? ಹತ್ತು ನಿಮಿಷ ಕುಂತು ಶಾಲು ಹೊದ್ದಸ್ಕಂಡು ಬರೋದು. ನನ್ನ ಮರ್ಯಾದಿ ಸಲುವಾಗಿ ಬಾ."

"ನಿನ್ನ ಸಲುವಾಗಿ ಅಂದ್ರ ನಾ ಏನ ಹೇಳ್ಲಿ ಅಣ್ಣಾ," ಎಂದ. ಕಾಲಲ್ಲಿ ನಾನು ಕೊಟ್ಟ ಚಪ್ಪಲಿಯೇ ಇತ್ತು. ಅದನ್ನು ನೋಡುತ್ತ ಒಪ್ಪಿದ. ನಾನು ಇಟ್ಟ ಚಪ್ಪಲಿಯ ಋಣವನ್ನು ನಾನೇ ವಸೂಲಿ ಮಾಡಿಕೊಂಡೆ. ಇದಕ್ಕಿಂತ ಕೀಳು ಕೆಲಸವನ್ನು ನಾನು ಕುಡಿಯುತ್ತಿದ್ದಾಗಲೂ ಮಾಡಿರಲಿಲ್ಲ. ಆಗ ಜಾಕಿ ರಾಡು ಕೈಯಲ್ಲಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು.

ತಮ್ಮ ಕಚೇರಿಯವರು ಫೋನಿನಲ್ಲಿ ವಿವರ ಕೇಳಿದಾಗ ನಾನೇ ಹೇಳಿದೆ. ಏನು ಅಪರಾಧ, ಯಾವ ರಸ್ತೆ, ಈಗ ಎಲ್ಲಿ ವಾಸ, ಮನೆಯಲ್ಲಿ ಯಾರ್ಯಾರು. ಕಡತಕ್ಕೆ ಇರಬೇಕು ಎಂದುಕೊಂಡೆ. ಎಂದುಕೊಂಡೆ ಎನ್ನುವುದೂ ಪೂರ್ತಿ ನಿಜವಲ್ಲ. ಏಕೆ ಎಂದು ಕೇಳಲೇ ಇಲ್ಲ. ಫೋಟೋ ಕೇಳಿದಾಗ ರೇಷನ್ ಕಾರ್ಡು ಮಾಡಿಸಲು ಅವನು ನನ್ನ ಕೈಗೆ ಕೊಟ್ಟಿದ್ದ ಫೋಟೋ ಕೊಟ್ಟೆ. ಕಾರ್ಡು ಇನ್ನೂ ಬಂದಿಲ್ಲ. ಫೋಟೋ ಮಾತ್ರ ಊರೂರು ತಿರುಗಿತು.

ಸಮಾರಂಭವನ್ನು ವರ್ಣಿಸುವ ಅಗತ್ಯವಿಲ್ಲ. ತಾವು ಅಲ್ಲೇ ಇದ್ದಿರಿ. ಫ್ಲೆಕ್ಸಿನಲ್ಲಿ ಗಾಂಧಿ ಮೂಲೆಯಲ್ಲಿದ್ದರು, ನಡುವೆ ಪ್ರಾಯೋಜಕರಾದ ಗಣಿ ಧಣಿಗಳಿದ್ದರು. ಅವರ ಲಾರಿಗಳು ಎಷ್ಟು ಜನರನ್ನು ಮಣ್ಣು ಮಾಡಿವೆಯೋ, ಅವರ ಮನಃಪರಿವರ್ತನೆಯನ್ನು ಯಾರೂ ಮಾಡುವುದಿಲ್ಲ. ಇರಲಿ. ನನಗೂ ಶಾಲು ಹೊದಿಸಿದಿರಿ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಬಹಳ ಸುಖವಾಯಿತು. ಜೈಲಿನಿಂದ ಬಂದ ಮೇಲೆ ನನ್ನ ಸ್ವಂತ ತಂಗಿಯೂ ನನ್ನನ್ನು ಮದುವೆ ಮನೆಗೆ ಕರೆದಿರಲಿಲ್ಲ. ಅಷ್ಟು ಜನ ಚಪ್ಪಾಳೆ ತಟ್ಟಿದಾಗ ಕಣ್ಣಲ್ಲಿ ನೀರು ಬಂತು. ಆ ನೀರಿನಲ್ಲಿ ಪಕ್ಕದವನ ಮುಖ ನನಗೆ ಕಾಣಲಿಲ್ಲ.

ಆಮೇಲೆ ತಾವು ಕಾಗದ ನೋಡಿಕೊಂಡು ಓದಿದಿರಿ: "ಕುಡಿದ ಅಮಲಿನಲ್ಲಿ ಲಾರಿ ಓಡಿಸಿ ಅಮಾಯಕ ಜೀವವೊಂದನ್ನು ಬಲಿ ತೆಗೆದುಕೊಂಡ ಕಂಪ್ಲಿಯ ಈ ವ್ಯಕ್ತಿ, ಇಂದು ಪಶ್ಚಾತ್ತಾಪದ ಬೆಂಕಿಯಲ್ಲಿ ಬೆಂದು ಪುಟವಿಟ್ಟ ಚಿನ್ನವಾಗಿದ್ದಾನೆ." ಜನ ಚಪ್ಪಾಳೆ ತಟ್ಟಿದರು. ಅವನ ಕೊರಳಿಗೆ ಗಂಧದ ಹಾರ ಹಾಕಿದಿರಿ. ನಮ್ಮೂರುಗಳಲ್ಲಿ ತಪ್ಪು ಮಾಡಿದವನಿಗೆ ಚಪ್ಪಲಿ ಹಾರ ಹಾಕಿ ಮೆರವಣಿಗೆ ಮಾಡುವ ಪದ್ಧತಿ ಹಿಂದೆ ಇತ್ತು. ಆ ಪದ್ಧತಿಗೂ ತಮ್ಮದಕ್ಕೂ ಗಂಧದಷ್ಟೇ ವ್ಯತ್ಯಾಸ. ಅಲ್ಲಿ ಮೆರವಣಿಗೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ತಾವು ಧನ್ಯವಾದ ಹೇಳಲು ಮತ್ತೊಂದು ಫ್ಲೆಕ್ಸ್ ಮಾಡಿಸಿ, ಪ್ರಾಯೋಜಕರ ಹೆಸರು ನಾಲ್ಕು ಜನ ಓದಲಿ ಎಂದು ನಾಲ್ಕು ಊರಿನ ಬಸ್ ನಿಲ್ದಾಣದಲ್ಲಿ ಕಟ್ಟಿಸಿದಿರಿ. ಅದರಲ್ಲಿ ಅವನ ಮುಖ, ಅದರ ಕೆಳಗೆ ಅವನ ಹೆಸರು, ಅದರ ಕೆಳಗೆ ಅವನ ತಪ್ಪು.

ಕಂಪ್ಲಿಯ ಶಾಲೆಗೆ ನೇರ ದಾರಿ ಬಸ್ ನಿಲ್ದಾಣ ದಾಟಿಯೇ ಹೋಗುತ್ತದೆ. ಜೊತೆಯ ಹುಡುಗಿಯರು ನಿಂತು ನೋಡಿ, "ಗಂಗಾ, ಇದು ನಿಮ್ಮಪ್ಪ ಅಲ್ಲೇನಲೇ?" ಎಂದು ಕೇಳಿದರಂತೆ. ಗಂಗಾ "ಅಲ್ಲ" ಎಂದಳಂತೆ. ಇದನ್ನು ದುರುಗವ್ವನಿಗೆ ಬಂದು ಹೇಳಿದ್ದು ಆ ಹುಡುಗಿಯರೇ. ಗಂಗಾ ಮರುದಿನದಿಂದ ಕಾಲುವೆ ದಂಡೆ ಹಿಡಿದು ಸುತ್ತು ಹಾಕಿ ಶಾಲೆಗೆ ಹೋಗತೊಡಗಿದಳು.

ಗಿರಣಿಯಲ್ಲಿ ಹಮಾಲರು ಮಾರೇಶನಿಗೆ ಹೇಳಿದರು. ಕೊಟ್ರಯ್ಯನವರು ಅವನನ್ನು ಒಳಗೆ ಕರೆದು, ಕೂಲಿ ಲೆಕ್ಕ ಮುಗಿಸಿ ಕಳಿಸಿದರು. ಆಮೇಲೆ ನಾನು ಹೋಗಿ ಜಗಳಕ್ಕೆ ನಿಂತಾಗ ಅವರು ತಲೆ ತಗ್ಗಿಸಿಯೇ ಹೇಳಿದರು: "ನನಗ ಮೊದಲಾ ಗೊತ್ತಿತ್ತಲ್ಲಪಾ. ಊರಿಗೆ ಗೊತ್ತಿರಲಿಲ್ಲ. ಈಗ ಬಂದ ಬೇಪಾರಿಗಳೆಲ್ಲ ಕೊಲೆಗಾರ ಯಾವಾಂವ ತೋರಸ್ರಿ ಅಂತಾರ. ಇಡೀ ಊರಿಗೆ ನಾ ಹೆಂಗ ಉತ್ತರ ಕೊಡ್ಲಿ? ನೀನಾ ಹೇಳು." ಅವರ ಕಿವಿಗೆ ಆ ಗುಟ್ಟು ಹಾಕಿಸಿದವನೂ ನಾನೇ, ಅದನ್ನು ಮೈಕಿಗೆ ಕೊಟ್ಟವನೂ ನಾನೇ.

ಆ ಸಂಜೆ ಮಾರೇಶ್ ಮನೆಯ ಒಳಗೆ ಹೋಗಲಿಲ್ಲವಂತೆ. ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದನಂತೆ. ಗಂಗಾ ಊಟದ ತಾಟು ತಂದು ಪಕ್ಕದಲ್ಲಿಟ್ಟು ಹೋದಳಂತೆ. ಬೆಳಗ್ಗೆ ಎದ್ದಾಗ ತಾಟು ಹಾಗೇ ಇತ್ತು, ಚಪ್ಪಲಿ ಬಾಗಿಲಲ್ಲಿತ್ತು, ಅವನಿರಲಿಲ್ಲ. ಬರಿಗಾಲಲ್ಲಿ ಹೋಗಿದ್ದ.

ದುರುಗವ್ವ ಆ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಡ್ಯಾಂಗೆ ಬಂದಳು. ನಮ್ಮ ಕೋಣೆಯ ಬಾಗಿಲಲ್ಲೇ ನಿಂತಳು. ಕುಂದ್ರವ್ವ ಎಂದೆ, ಕೂರಲಿಲ್ಲ.

"ನೀವು ಕೊಟ್ಟಿದ್ದು, ನೀವಾ ಇಟ್ಗೋರಿ," ಎಂದಳು. "ಅವ ಜೈಲಿನಾಗಿದ್ದಾಗ ಎಲ್ಲದಾನ ಅಂತ ನನಗ ಗೊತ್ತಿತ್ತು. ಈಗ ಅದೂ ಗೊತ್ತಿಲ್ಲ."

ತಮ್ಮ ಕಚೇರಿಗೆ ಈ ಹೆಂಗಸು ಬೇರೆ ರೀತಿಯಲ್ಲಿ ಪರಿಚಯ. ಕಂಪ್ಲಿಯ ಫ್ಲೆಕ್ಸನ್ನು ಕುಡುಗೋಲಿನಿಂದ ಕೊಯ್ದು ಇಳಿಸಿದವಳು ಅವಳೇ. ತಮ್ಮ ಸಿಬ್ಬಂದಿಯೊಬ್ಬರು ಮನೆಗೆ ಹೋಗಿ ಸಮಿತಿಯ ಆಸ್ತಿ ಹಾಳುಮಾಡಿದ್ದಕ್ಕೆ ಕೇಸು ಹಾಕುವುದಾಗಿ ಬೆದರಿಸಿದರು. "ನನ್ನ ಗಂಡನ ಮಾರಿ ನಿಮ್ಮ ಆಸ್ತಿ ಯಾವಾಗ ಆತ್ರಿ?" ಎಂದು ಅವಳು ಕೇಳಿದಳಂತೆ. ಅವರು ಹಾಗೇ ಹಿಂದಿರುಗಿದರು. ಒಬ್ಬನ ಮುಖ ಯಾರ ಆಸ್ತಿ ಎಂಬ ಈ ಪ್ರಶ್ನೆಯನ್ನು ತಮ್ಮ ಮುಂದೆ ನಾನು ಮತ್ತೊಮ್ಮೆ ಇಡುತ್ತಿದ್ದೇನೆ. ಸಮಿತಿಯ ಮುಂದಿನ ಸಭೆಯಲ್ಲಿ ಚಹಾ ಬರುವ ಮೊದಲು ಇದನ್ನು ಚರ್ಚಿಸಬಹುದೇ?

ಅಪರಾಧವನ್ನು ಮುಚ್ಚಿಡಬೇಕೆಂದು ವಾದಿಸುತ್ತಿದ್ದಾನೆ ಎಂದು ತಾವು ಹೇಳಬಹುದು. ಸತ್ತ ಹುಡುಗನಿಗೂ ಮನೆಯಿತ್ತು, ತಾಯಿಯಿದ್ದಳು, ಅವಳ ಸಂಕಟದ ಮುಂದೆ ಇವನ ನಾಚಿಕೆ ಯಾವ ಲೆಕ್ಕ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಆದರೆ ಆ ತಾಯಿಯನ್ನು ತಾವು ಸಮಾರಂಭಕ್ಕೆ ಕರೆದಿದ್ದಿರಾ? ಅವಳ ಮಗನನ್ನು ಕೊಂದವನಿಗೆ ಹಾರ ಹಾಕುವ ಮೊದಲು ಅವಳನ್ನೊಂದು ಮಾತು ಕೇಳಿದಿರಾ? ನಾನೂ ಕೇಳಲಿಲ್ಲ. ಸಂಡೂರಿನ ಬಸ್ ನಿಲ್ದಾಣದಲ್ಲಿ ಆ ಫ್ಲೆಕ್ಸನ್ನು ಅವಳೂ ನೋಡಿರಬಹುದು, ಪುಟವಿಟ್ಟ ಚಿನ್ನ ಎಂದು ಯಾರಿಂದಲಾದರೂ ಓದಿಸಿಕೊಂಡು ಕೇಳಿರಬಹುದು. ಮಾರೇಶ್ ಅವಳ ಕಾಲು ಹಿಡಿಯುವವನಿದ್ದ. ಅದಕ್ಕೆ ಮುಂಚೆ ನಾವು ಅವಳ ಪರವಾಗಿ ಅವನನ್ನು ಕ್ಷಮಿಸಿ, ಶಾಲು ಹೊದಿಸಿ, ಊಟ ಮಾಡಿ ಕೈ ತೊಳೆದುಕೊಂಡೆವು. ತಪ್ಪನ್ನು ಮುಚ್ಚಿಡಬಾರದು, ಒಪ್ಪಿದೆ. ಆದರೆ ತಪ್ಪು ಒಪ್ಪಿಕೊಳ್ಳುವ ಬಾಯಿ ಮಾಡಿದವನದೇ ಆಗಿರಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಇಷ್ಟು ದಿನ ಕೂಡಿಸಿಟ್ಟುಕೊಂಡಿದ್ದ ಮಾತನ್ನು ತಾವು ಓದಿ ಮುಗಿಸಿದಿರಿ.

ನನಗೆ ಜೈಲಿನ ಒಳಗೆ ಹೋಗುವ ಅನುಮತಿ ಸಿಕ್ಕಿತು. ಅದನ್ನೂ ಬರೆಯಬೇಕು. ಸಮಾರಂಭವಾದ ತಿಂಗಳಲ್ಲೇ ಆದೇಶ ಬಂತು. ಮೊದಲ ಸಲ ಒಳಗೆ ಹೋಗಿ ಕುಳಿತಾಗ ಒಬ್ಬ ಕೈದಿ, "ಮಾರೇಶಣ್ಣನ್ನ ಕರಕಂಡು ಹೋಗಿದ್ದು ನೀವೇನ್ರಿ? ಹೆಂಗದಾನ್ರಿ?" ಎಂದು ಕೇಳಿದ. ಚೆನ್ನಾಗಿದ್ದಾನೆ ಎಂದೆ. ಮರುವಾರ ಹೋಗಲಾಗಲಿಲ್ಲ. ವರ್ಷಗಟ್ಟಲೆ ಬೇಡಿದ್ದ ಬಾಗಿಲು ತೆರೆದಾಗ ದಾಟಲು ನನ್ನ ಕಾಲು ಬರಲಿಲ್ಲ. ಅದರ ಬದಲು ಭಾನುವಾರಗಳಂದು ಮಾರೇಶನನ್ನು ಹುಡುಕಲು ಹೊರಟೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಸಿಕ್ಕ. ಸಂಡೂರಿನ ಆಚೆ ಅದಿರು ರಾಶಿ ಹಾಕುವ ಒಂದು ಪ್ಲಾಟಿನಲ್ಲಿ ಲೋಡಿಂಗ್ ಕೆಲಸಕ್ಕಿದ್ದ. ತಲೆಯಿಂದ ಕಾಲಿನವರೆಗೆ ಕೆಂಪು ಧೂಳು. ಅಲ್ಲಿ ಎಲ್ಲರ ಮುಖವೂ ಒಂದೇ ಬಣ್ಣ. ಫ್ಲೆಕ್ಸಿನಲ್ಲಿ ಕಂಡ ಮುಖವನ್ನು ಯಾರೂ ಗುರುತು ಹಿಡಿಯಲಾರರು. ಅದಕ್ಕೇ ಅಲ್ಲಿದ್ದ. ಮಟಮಟ ಮಧ್ಯಾಹ್ನ ಕುಡಿದಿದ್ದ. ನನ್ನನ್ನು ನೋಡಿ ಓಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನನಗೆ ಉಪಕಾರವಾಗುತ್ತಿತ್ತು.

"ಅಣ್ಣಾ, ಆವತ್ತು ಗೇಟಿನಾಗ ನೀ ನನ್ನ ಹೆಸರು ಕೂಗಲಿಲ್ಲ," ಎಂದ. "ಅದಕ್ಕಾ ನಾ ನಿನ್ನ ಹಿಂದ ಬಂದಿದ್ದು."

ನಾನು ಅಲ್ಲೇ ಧೂಳಿನಲ್ಲಿ ಕುಳಿತು ಅತ್ತೆ. ಅವನು ತನ್ನ ಬಾಟಲಿಯ ಮುಚ್ಚಳ ಹಾಕಿ, ನನಗೆ ಕಾಣದಂತೆ ಹಿಂದೆ ಇಟ್ಟುಕೊಂಡ. ನಾನು ಅದನ್ನು ನೋಡಿ ಮತ್ತೆ ಹಾದಿ ತಪ್ಪಬಾರದು ಎಂದು. ಇಬ್ಬರಲ್ಲಿ ಯಾರು ಯಾರಿಗೆ ಸಮಾಲೋಚಕ, ಮಾನ್ಯರೇ?

ಆಮೇಲೆ ಪ್ರತಿ ಭಾನುವಾರ ಹೋದೆ. ಕೆಲವು ಸಲ ಅವನು ಮಾತಾಡಿದ, ಕೆಲವು ಸಲ ಇಲ್ಲ. ಈಗ ಮತ್ತೆ ಕುಡಿತ ಬಿಟ್ಟಿದ್ದಾನೆ. ಎಷ್ಟು ದಿನವಾಯಿತು ಎಂದು ಹೇಳುವುದಿಲ್ಲ. ತಮಗೆ ಹೇಳಿದರೆ ತಾವು ಅದನ್ನು ಅಚ್ಚು ಹಾಕಿಸುತ್ತೀರಿ. ಮನೆಗೆ ಹೋಗೋಣ ಎಂದರೆ ಮಾತ್ರ, "ಯಾವ ಮಾರಿ ಇಟ್ಗಂಡು ಹೋಗ್ಲಿ? ಅಕಿ ಎಲ್ಲಾ ಓದ್ಯಾಳ. ಇನ್ನ ಹೇಳಾಕ ಏನ ಉಳದೈತಿ?" ಎನ್ನುತ್ತಿದ್ದ. ಈ ಮಾತಿಗೆ ನನ್ನ ಹತ್ತಿರ ಔಷಧಿಯಿರಲಿಲ್ಲ.

ಔಷಧಿ ಕೊಟ್ಟವಳು ಗಂಗಾ. ಹೋದ ತಿಂಗಳು ಕಂಪ್ಲಿಗೆ ಹೋಗಿದ್ದೆ. ದುರುಗವ್ವ ಎಂದಿನಂತೆ ನನ್ನ ಜೊತೆ ಎರಡು ಮಾತಾಡಿ ಗದ್ದೆಗೆ ಹೋದಳು. ನಾನು ಹೊರಟಾಗ ಗಂಗಾ ಓಣಿಯ ತುದಿಯವರೆಗೂ ಬಂದಳು.

"ದೊಡ್ಡಪ್ಪ, ಅಪ್ಪ ಎಲ್ಲದಾನಂತ ನಿಮಗ ಗೊತ್ತೈತೇನು?"

"ಗೊತ್ತೈತವ್ವ."

ಜಡೆಯ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಹಂಗಾರ ಅಪ್ಪಗ ಹೇಳ್ರಿ, ಬಸ್ ಸ್ಟ್ಯಾಂಡಿನಾಗಿನ ಬೋರ್ಡ್ ನಾ ಓದಿಲ್ಲಂತ. ಅವ್ವ ಹರದು ಹಾಕಿದ್ಲು, ಓದಾಕ ಆಗಲಿಲ್ಲಂತ ಹೇಳ್ರಿ. ಏನೈತೋ ಅದನ್ನ ಅಪ್ಪನಾ ಬಂದು ಹೇಳ್ಲಿ."

ಅವಳು ಓದಿದ್ದಾಳೋ ಇಲ್ಲವೋ ನಾನು ಕೇಳಲಿಲ್ಲ. ತಾವೂ ಕೇಳಬೇಡಿ. ಈ ಪತ್ರ ಓದುವ ಯಾರೂ ಕೇಳಬೇಡಿ. ನಾನೂ ತಾವೂ ಸೇರಿ ಅವಳ ಅಪ್ಪನ ಬಾಯಿಂದ ಕಿತ್ತುಕೊಂಡ ಮಾತನ್ನು ಆ ಹುಡುಗಿ ಹಿಂದಕ್ಕೆ ತಂದು ಅವನ ಕೈಯಲ್ಲಿ ಇಡುತ್ತಿದ್ದಾಳೆ. ನಾನು ಹದಿನಾರಾಣೆ ಕಲಿತಿದ್ದೇನೆಂದು ಬೀಗುತ್ತಿದ್ದ ವಿದ್ಯೆ ಇದು.

ಮರು ಭಾನುವಾರ ಪ್ಲಾಟಿಗೆ ಹೋಗಿ ಅವಳು ಹೇಳಿದಂತೆಯೇ ಹೇಳಿದೆ. ಮಾರೇಶ್ ಸಲಿಕೆ ಕೆಳಗಿಟ್ಟ. "ಖರೇನ ಅಣ್ಣಾ? ಓದಿಲ್ಲಂತಾ?" ಎಂದ. "ಖರೇ. ಅಕಿನಾ ಹೇಳಿದ್ಲು," ಎಂದೆ. ಅವನು ನನ್ನ ಮುಖವನ್ನೇ ನೋಡಿದ. ನಂಬಿದನೋ, ನಂಬಲು ಒಪ್ಪಿದನೋ ಗೊತ್ತಿಲ್ಲ. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದ. ಬಹಳ ಹೊತ್ತು ತೊಳೆದ.

ಗಾಂಧಿ ಜಯಂತಿಯ ಮುಂಚಿನ ಭಾನುವಾರ ಮನೆಗೆ ಬರುತ್ತೇನೆ ಎಂದಿದ್ದಾನೆ. ಸಂಡೂರಿನಲ್ಲಿ ಬಸ್ ಹತ್ತಿ, ಹೊಸಪೇಟೆಯಲ್ಲಿ ಬದಲಿಸಿ, ಕಮಲಾಪುರದ ಮೇಲೆ ಹಾಯ್ದು ಕಂಪ್ಲಿಯಲ್ಲಿ ಇಳಿಯುತ್ತಾನೆ. ತಮ್ಮ ಫ್ಲೆಕ್ಸುಗಳು ಏರುವ ಊರುಗಳನ್ನು ಮತ್ತೊಮ್ಮೆ ಓದಿ ನೋಡಿ. ಒಂದೂ ಬಿಡದೆ ಅವನ ದಾರಿಯಲ್ಲೇ ಕಟ್ಟಿಸುತ್ತಿದ್ದೀರಿ. ಬೋರ್ಡು ಮತ್ತೆ ಏರಿದರೆ ಮಗಳು ಓದಿಲ್ಲ ಎನ್ನುವ ಮಾತು ನಿಲ್ಲುವುದಿಲ್ಲ. ಅವನು ಕಂಪ್ಲಿಯವರೆಗೂ ಬರುವುದಿಲ್ಲ. ಹೊಸಪೇಟೆಯಲ್ಲೇ ಇಳಿದು ನಿಲ್ದಾಣದ ಎದುರಿನ ಬ್ರಾಂದಿ ಅಂಗಡಿಗೆ ಹೋಗುತ್ತಾನೆ. ಈ ಸಲ ಹೋದರೆ ನಾನು ಹೊರಗೆ ಎಷ್ಟು ಕಾದರೂ ಬರುವುದಿಲ್ಲ ಎಂದು ನನಗೆ ಗೊತ್ತು. ಆ ಅಂಗಡಿಯ ಒಳಗನ್ನು ನಾನು ಬಲ್ಲೆ.

ಆದ್ದರಿಂದ ಕೇಳುತ್ತಿದ್ದೇನೆ. ಸಮಾರಂಭ ನಿಲ್ಲಿಸಿ ಎನ್ನುವ ಧೈರ್ಯ ನನಗಿಲ್ಲ. ಶಾಲುಗಳ ಆರ್ಡರ್ ಆಗಲೇ ಹೋಗಿರಬಹುದು. ಇಬ್ಬರು ಉತ್ತಮ ಉದಾಹರಣೆಗಳನ್ನು ಕರೆತರಬೇಕೆಂದು ಆಹ್ವಾನದ ಜೊತೆ ಚೀಟಿ ಕಳಿಸಿದ್ದೀರಿ. ನಾನು ಯಾರನ್ನೂ ಕರೆತರುವುದಿಲ್ಲ, ನಾನೂ ಬರುವುದಿಲ್ಲ. ಅನುಮತಿಯನ್ನು ಹಿಂದಕ್ಕೆ ಪಡೆಯುವುದಾದರೆ ಪಡೆಯಿರಿ, ಬಾಗಿಲ ಹೊರಗೆ ನಿಲ್ಲಲು ಯಾರ ಆದೇಶವೂ ಬೇಕಿಲ್ಲ. ಫ್ಲೆಕ್ಸ್ ಅಚ್ಚಾಗಿದ್ದರೆ ಆ ಮುಖದ ಜಾಗದಲ್ಲಿ ನನ್ನ ಮುಖ ಅಂಟಿಸಿ. ಫೋಟೋ ಈ ಪತ್ರದ ಜೊತೆ ಇಟ್ಟಿದ್ದೇನೆ. ನನ್ನ ತಪ್ಪನ್ನು ನಾನೇ ಹೇಳಿಕೊಂಡಿದ್ದೇನೆ, ಎಷ್ಟು ದೊಡ್ಡ ಅಕ್ಷರದಲ್ಲಿ ಬೇಕಾದರೂ ಬರೆಸಿ. ಅವನ ಮುಖವನ್ನು ಮಾತ್ರ ಅವನಿಗೆ ಬಿಟ್ಟುಕೊಡಿ.

ಆ ಭಾನುವಾರ ನಾನು ಕಂಪ್ಲಿಯ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ದುರುಗವ್ವ ತಂದುಕೊಟ್ಟ ಚಪ್ಪಲಿ ನನ್ನ ಕೈಯಲ್ಲಿರುತ್ತದೆ. ಹೆಸರು ಕೂಗುವುದಿಲ್ಲ. ಗಂಗಾ ಕೂಡ ಬರುತ್ತೇನೆ ಎಂದಿದ್ದಾಳೆ. ವರ್ಷವಾಯಿತು ಅವಳು ಆ ನಿಲ್ದಾಣಕ್ಕೆ ಕಾಲಿಟ್ಟು. ತಾನು ಓದಿಲ್ಲ ಎಂದ ಬೋರ್ಡು ಇದ್ದ ಜಾಗದಲ್ಲೇ ಅಪ್ಪನಿಗಾಗಿ ನಿಂತಿರುತ್ತಾಳೆ. ಅವಳ ತಲೆಯ ಮೇಲೆ ಅಂದು ಏನೂ ಇರದಂತೆ ನೋಡಿಕೊಳ್ಳಿ.

ಇಂತಿ,
ತಾವು ಹೊದಿಸಿದ ಶಾಲನ್ನು ಮಡಿಚಿಟ್ಟು, ಅದರ ಮೇಲೆ ಒಬ್ಬನ ಚಪ್ಪಲಿಯನ್ನು ಇಟ್ಟುಕೊಂಡು ಕಾಯುತ್ತಿರುವ
ಜಂಬಪ್ಪ
ಮಾಜಿ ಕೈದಿ, ಮಾಜಿ ಕುಡುಕ, ಮಾಜಿ ಉತ್ತಮ ಉದಾಹರಣೆ
ಟಿ.ಬಿ. ಡ್ಯಾಂ, ಹೊಸಪೇಟೆ
ಸೆಪ್ಟೆಂಬರ್ ೨೦೦೭